ಚಮಕೌರದ ಕದನವೂ ‘ಜಫರ್‌ನಾಮಾ’ದ ಸಾಕ್ಷ್ಯವೂ: ಬೀದರಿನ ಸಾಹಿಬ್ ಸಿಂಗನ ಪ್ರಸಂಗ

೧

ಕದನವನ್ನು ಕುರಿತ ಕಾವ್ಯವನ್ನು ಆ ಕದನದ ಇತಿಹಾಸಕ್ಕೆ ಸಾಕ್ಷ್ಯವನ್ನಾಗಿ ಬಳಸಬಹುದೆ, ಬಳಸಬಹುದಾದರೆ ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆ ಸಾಹಿತ್ಯವಿಮರ್ಶಕನಿಗೂ ಇತಿಹಾಸಕಾರನಿಗೂ ಸಮಾನವಾದದ್ದು. ಇತಿಹಾಸಕಾರನು ಕಾವ್ಯದಲ್ಲಿ ಕಂಡ ಅಂಕೆಸಂಖ್ಯೆಗಳನ್ನು ಎತ್ತಿಕೊಂಡು ಕಾವ್ಯವನ್ನು ಬಿಟ್ಟುಬಿಡುತ್ತಾನೆ. ವಿಮರ್ಶಕನು ಅಲಂಕಾರವನ್ನು ಮೆಚ್ಚಿ ಅಂಕೆಸಂಖ್ಯೆಗಳನ್ನು ಬಿಟ್ಟುಬಿಡುತ್ತಾನೆ. ಈ ಎರಡು ಬಗೆಯ ಓದೂ ಅರೆಯಾದದ್ದು. ಅದನ್ನು ತೋರಿಸಲು ತಕ್ಕ ಒಂದು ಕೃತಿಯೆಂದರೆ ಗುರು ಗೋವಿಂದ ಸಿಂಗರ ‘ಜಫರ್‌ನಾಮಾ’. ಪಂಜಾಬಿನ ಚಮಕೌರದಲ್ಲಿ ನಡೆದ ಕದನದ ಮೇಲೆ, ಅದರಲ್ಲಿ ಸ್ವತಃ ಹೋರಾಡಿದವರು ಬರೆದ ಕೃತಿ ಇದು.

ಪಂಜಾಬಿನ ಕದನಕ್ಕೂ ತೊರವಿಯಲ್ಲಿ ಕುಳಿತು ಓದುವ ನಮಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಎರಡು ಬಗೆಯದು. ಆ ಕದನದಲ್ಲಿ ಮಡಿದವರಲ್ಲಿ ಒಬ್ಬನಾದ ಸಾಹಿಬ್ ಸಿಂಗನು ಬೀದರಿನವನೆಂದು ಸಿಖ್ಖರ ಪರಂಪರೆ ಹೇಳುತ್ತದೆ. ನಮ್ಮ ನಾಡಿನ ಭಾಷಣಗಳಲ್ಲಿಯೂ ಪುಸ್ತಕಗಳಲ್ಲಿಯೂ ಈ ಮಾತು ಮತ್ತೆ ಮತ್ತೆ ಬರುತ್ತದೆ, ಆದರೆ ಅದರ ಆಧಾರವನ್ನು ಪರಿಶೀಲಿಸುವ ಪ್ರಯತ್ನ ವಿರಳ. ಎರಡನೆಯದಾಗಿ, ಕದನವನ್ನು ಕಾವ್ಯವಾಗಿಸುವ ಮೂರು ಪರಂಪರೆಗಳು ಈ ನೆಲದಲ್ಲಿ ಒಂದನ್ನೊಂದು ಸಂಧಿಸಿವೆ. ತೊರವೆಯ ನರಸಿಂಹನನ್ನು ನೆನೆದು ಬರೆದ ಕುಮಾರವಾಲ್ಮೀಕಿಯ ರಾಮಾಯಣ ಒಂದು. ಬಿಜಾಪುರದ ಆಸ್ಥಾನದಲ್ಲಿ ಬಾಳಿದ ಫಿರಿಸ್ತಾನ ಫಾರಸಿ ಚರಿತ್ರೆ ಇನ್ನೊಂದು. ನುಸ್ರತಿಯ ದಖನಿ ಯುದ್ಧಕಾವ್ಯ ‘ಅಲಿನಾಮಾ’ ಮತ್ತೊಂದು. ಈ ಮೂರನ್ನೂ ಬಲ್ಲ ಓದುಗನಿಗೆ ‘ಜಫರ್‌ನಾಮಾ’ದ ವಿಶೇಷವು ಹೆಚ್ಚು ಸ್ಪಷ್ಟವಾಗಿ ತೋರಬೇಕು.

೨

ಮೊದಲು ಘಟನೆಯ ಸ್ಥೂಲರೂಪವನ್ನು ನೋಡೋಣ. ಗುರು ಗೋವಿಂದ ಸಿಂಗರು ೧೬೯೯ರ ವೈಶಾಖಿಯಂದು ಆನಂದಪುರದಲ್ಲಿ ಖಾಲ್ಸಾವನ್ನು ಸ್ಥಾಪಿಸಿದರು. ಅಂದು ಮೊದಲು ದೀಕ್ಷೆ ಪಡೆದ ಐವರು ‘ಪಂಜ್ ಪ್ಯಾರೇ’ ಎಂದು ಪ್ರಸಿದ್ಧರಾದರು. ಮುಂದಿನ ವರ್ಷಗಳಲ್ಲಿ ಸುತ್ತಣ ಬೆಟ್ಟನಾಡಿನ ರಾಜರೂ ಮೊಗಲ ಅಧಿಕಾರಿಗಳೂ ಆನಂದಪುರದ ಮೇಲೆ ದಾಳಿ ಮಾಡಿದರು. ದೀರ್ಘಕಾಲದ ಮುತ್ತಿಗೆಯ ಕೊನೆಗೆ, ಹೊರಡುವವರಿಗೆ ತೊಂದರೆ ಕೊಡುವುದಿಲ್ಲವೆಂಬ ಪ್ರಮಾಣವಚನವನ್ನು ಪಡೆದು ಗುರುಗಳೂ ಅವರ ಪರಿವಾರವೂ ಕೋಟೆಯನ್ನು ಬಿಟ್ಟರು. ವಚನ ಮುರಿಯಿತು, ಬೆನ್ನಟ್ಟಿದ ಸೈನ್ಯವು ಅವರನ್ನು ಚಮಕೌರದಲ್ಲಿ ಸುತ್ತುಗಟ್ಟಿತು. ಅಲ್ಲಿಯ ಹೋರಾಟದಲ್ಲಿ ಗುರುಗಳ ಹಿರಿಯ ಮಕ್ಕಳಾದ ಅಜಿತ್ ಸಿಂಗ್, ಜುಝಾರ್ ಸಿಂಗ್ ಇಬ್ಬರೂ ಮಡಿದರು. ಐವರಲ್ಲಿ ಸಾಹಿಬ್ ಸಿಂಗ್, ಹಿಮ್ಮತ್ ಸಿಂಗ್, ಮೊಹಕಮ್ ಸಿಂಗ್ ಎಂಬ ಮೂವರು ಅಲ್ಲಿಯೇ ಮಡಿದರೆಂದು ಪರಂಪರೆ. ಗುರುಗಳು ಇರುಳಿನಲ್ಲಿ ಪಾರಾದರು. ಕಿರಿಯ ಮಕ್ಕಳಿಬ್ಬರೂ ಸಿರ್ಹಿಂದದಲ್ಲಿ ಫೌಜದಾರ ವಜೀರ್ ಖಾನನ ಆಜ್ಞೆಯಿಂದ ಹತರಾದರು.

ಕದನದ ಕಾಲವನ್ನು ಕೆಲವು ವಿದ್ವಾಂಸರು ೧೭೦೪ರ ಡಿಸೆಂಬರ್ ಎಂದೂ ಮತ್ತೆ ಕೆಲವರು ೧೭೦೫ರ ಡಿಸೆಂಬರ್ ಎಂದೂ ಹೇಳುತ್ತಾರೆ. ಪ್ರಕೃತ ವಿಚಾರಕ್ಕೆ ಈ ಭೇದದಿಂದ ಬಾಧೆಯಿಲ್ಲ. ಗುರುಗಳು ಮಾಳವ ಪ್ರಾಂತದ ದೀನಾ ಎಂಬ ಊರಿನಲ್ಲಿ ತಂಗಿದ್ದಾಗ ಔರಂಗಜೇಬನಿಗೆ ಫಾರಸಿ ಪದ್ಯದಲ್ಲಿ ಒಂದು ಪತ್ರವನ್ನು ಬರೆದರು. ಐವರಲ್ಲಿ ಉಳಿದ ದಯಾ ಸಿಂಗ್, ಧರಮ್ ಸಿಂಗ್ ಇಬ್ಬರೂ ಅದನ್ನು ದಖನಿಗೆ ಒಯ್ದರು. ಆ ಪತ್ರವೇ ‘ಜಫರ್‌ನಾಮಾ’. ಇಂದು ಅದು ‘ದಶಮ ಗ್ರಂಥ’ದ ಕೊನೆಯ ಭಾಗದಲ್ಲಿ ಸೇರಿದೆ.

೩

ಕೃತಿಯ ಹೆಸರೇ ಮೊದಲ ವಿಮರ್ಶೆಯನ್ನು ಬೇಡುತ್ತದೆ. ‘ಜಫರ್’ ಎಂದರೆ ಜಯ. ‘ನಾಮಾ’ ಎಂದರೆ ಬರಹ, ಪತ್ರ, ಗ್ರಂಥ. ಈ ಹೆಸರು ಫಾರಸಿ ಸಾಹಿತ್ಯಕ್ಕೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಶರಫುದ್ದೀನ್ ಅಲಿ ಯಜ್ದಿಯು ತೈಮೂರನ ದಿಗ್ವಿಜಯಗಳನ್ನು ವರ್ಣಿಸಿ ಬರೆದ ಚರಿತ್ರೆಗೂ ಇದೇ ಹೆಸರು. ತೈಮೂರನ ವಂಶದವನೆಂದು ಹೆಮ್ಮೆಪಡುತ್ತಿದ್ದ ಬಾದಶಹನಿಗೆ, ಆ ವಂಶದ ಜಯಗಾಥೆಯ ಹೆಸರನ್ನೇ ಹೊತ್ತ ಪತ್ರವೊಂದು ತನ್ನ ಸೈನ್ಯದಿಂದ ಮನೆಮಠ ಕಳೆದುಕೊಂಡವರ ಕಡೆಯಿಂದ ಬರುತ್ತದೆ. ಮಕ್ಕಳನ್ನೂ ಸಂಗಾತಿಗಳನ್ನೂ ನೀಗಿಕೊಂಡವರು ತಮ್ಮ ಬರಹವನ್ನು ಜಯಪತ್ರವೆಂದು ಕರೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಓದುಗನು ಕೃತಿಯ ಕೊನೆಯವರೆಗೂ ಹೊತ್ತುಕೊಂಡು ಹೋಗಬೇಕಾಗುತ್ತದೆ.

ನುಸ್ರತಿಯ ‘ಅಲಿನಾಮಾ’ವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಭೇದವು ತಿಳಿಯುತ್ತದೆ. ಬಿಜಾಪುರದ ಎರಡನೆಯ ಅಲಿ ಆದಿಲಶಾಹನು ಮೊಗಲರೊಡನೆಯೂ ಮರಾಠರೊಡನೆಯೂ ನಡೆಸಿದ ಕಾಳಗಗಳನ್ನು ವಸ್ತುವಾಗುಳ್ಳ ಆ ಕಾವ್ಯ ೧೬೬೫ರಲ್ಲಿ ರಚಿತವಾದದ್ದು. ಕವಿ ಆಸ್ಥಾನದವನು, ನಾಯಕನು ಆಶ್ರಯದಾತನಾದ ಅರಸು, ಕೇಳುವವರು ಆ ಅರಸಿನ ಸಭೆಯವರು. ಹೇಳುವವನು, ಹೇಳಿಸಿಕೊಳ್ಳುವವನು, ಹೊಗಳಿಸಿಕೊಳ್ಳುವವನು ಎಲ್ಲರೂ ಒಂದೇ ಪಕ್ಷದಲ್ಲಿರುವುದರಿಂದ ಅಲ್ಲಿ ಸಾಕ್ಷ್ಯದ ಪ್ರಶ್ನೆ ಕವಿಯನ್ನು ಕಾಡುವುದಿಲ್ಲ. ‘ಜಫರ್‌ನಾಮಾ’ದಲ್ಲಿ ಸ್ಥಿತಿ ಬೇರೆ. ಹೇಳುವವರು ಕದನದಲ್ಲಿ ಬಿಲ್ಲು ಹಿಡಿದವರು. ಕೇಳುವವನು ಎದುರು ಪಕ್ಷದ ಒಡೆಯ. ಹೇಳಿದ ಮಾತಿನಲ್ಲಿ ಯಾವುದು ಸುಳ್ಳೆಂದು ತನ್ನ ಅಧಿಕಾರಿಗಳನ್ನು ಕೇಳಿ ಪರೀಕ್ಷಿಸಬಲ್ಲ ಓದುಗನಿಗೇ ಈ ಕಾವ್ಯವು ಮೀಸಲಾದದ್ದು. ಯುದ್ಧಕಾವ್ಯಗಳಲ್ಲಿ ಇಂಥ ಸನ್ನಿವೇಶ ಬಹು ವಿರಳ. ಕೃತಿಯ ಸಾಕ್ಷ್ಯಬಲವೂ ಇದರಿಂದಲೇ ಹುಟ್ಟುತ್ತದೆ.

ಸುಮಾರು ೧೧೧ ದ್ವಿಪದಿಗಳ ಈ ಪತ್ರವು ಫಿರ್ದೌಸಿಯ ‘ಶಾಹನಾಮಾ’ದ ಛಂದಸ್ಸಿನಲ್ಲಿದೆ, ಫಿರ್ದೌಸಿಯ ಹೆಸರನ್ನೂ ಒಂದೆಡೆ ಸ್ಮರಿಸುತ್ತದೆ. ಮೊದಲ ಹನ್ನೆರಡು ದ್ವಿಪದಿಗಳು ದೇವರ ಸ್ತುತಿ. ಅನಂತರ ಮಾತು ಒಮ್ಮೆಲೇ ಬಾದಶಹನ ಕಡೆ ತಿರುಗಿ, ನಿನ್ನ ಪ್ರಮಾಣದಲ್ಲಿ ನನಗೆ ನಂಬಿಕೆಯಿಲ್ಲವೆಂಬ ಅರ್ಥದಲ್ಲಿ ಆರಂಭವಾಗುತ್ತದೆ. ಕದನದ ವರ್ಣನೆ ಬರುವುದು ಇದರ ತರುವಾಯ. ಆ ಕ್ರಮವು ಆಕಸ್ಮಿಕವಾದುದಲ್ಲ. ವಚನಭಂಗವು ವಾದ, ಕದನವು ಅದಕ್ಕೆ ನಿದರ್ಶನ.

೪

ಈಗ ಸಂಖ್ಯೆಯ ವಿಚಾರ. ಹಸಿದ ನಲವತ್ತು ಜನರ ಮೇಲೆ ಹತ್ತು ಲಕ್ಷ ಜನರು ಅನಿರೀಕ್ಷಿತವಾಗಿ ಎರಗಿದರೆ ಅವರು ಮಾಡುವುದೇನು ಎಂಬ ಭಾವದ ಮಾತು ಪತ್ರದಲ್ಲಿದೆ. ಇದನ್ನು ಅಕ್ಷರಶಃ ಹಿಡಿದು, ಚಮಕೌರದಲ್ಲಿ ಹತ್ತು ಲಕ್ಷ ಸೈನ್ಯವಿತ್ತೆಂದು ಬರೆಯುವವರಿದ್ದಾರೆ. ಇದನ್ನೇ ಕಾರಣವಾಗಿಟ್ಟುಕೊಂಡು ಇಡೀ ಪತ್ರವು ಉತ್ಪ್ರೇಕ್ಷೆಯೆಂದು ತಳ್ಳುವವರೂ ಇದ್ದಾರೆ. ಎರಡೂ ಒಪ್ಪತಕ್ಕವಲ್ಲ.

ಕದನದ ಬರಹಗಳಲ್ಲಿ ದೊಡ್ಡ ಸಂಖ್ಯೆಯ ರೂಢಿಯನ್ನು ನಾವು ಚೆನ್ನಾಗಿ ಬಲ್ಲೆವು. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಶುಕನು ರಾವಣನಿಗೆ ವಾನರಸೇನೆಯ ಗಣನೆಯನ್ನು ಹೇಳುವಾಗ ಶಂಕು, ವೃಂದ, ಪದ್ಮ ಮೊದಲಾದ ಎಣಿಕೆಗೆ ಮೀರಿದ ಮೊತ್ತಗಳನ್ನು ಏರುತ್ತ ಹೋಗುತ್ತಾನೆ. ಅಲ್ಲಿ ಸಂಖ್ಯೆಯು ಭಯವನ್ನು ಅಳೆಯುವ ಅಳತೆಗೋಲು. ಚರಿತ್ರೆಯೂ ಈ ರೂಢಿಗೆ ಹೊರತಲ್ಲ. ೧೫೬೫ರ ತಾಳಿಕೋಟೆಯ ಕದನವನ್ನು ವರ್ಣಿಸುವ ಫಿರಿಸ್ತಾ ವಿಜಯನಗರದ ಕಡೆ ಸತ್ತವರನ್ನು ಲಕ್ಷದ ಮೇಲೆ ಎಣಿಸುತ್ತಾನೆ. ಅವನು ಬಿಜಾಪುರಕ್ಕೆ ಬಂದದ್ದು ಆ ಕದನವಾಗಿ ಎರಡು ದಶಕಗಳು ಕಳೆದ ಮೇಲೆ. ಗೆದ್ದವರ ಆಸ್ಥಾನದಲ್ಲಿ ಬೆಳೆದುಬಂದ ಸಂಖ್ಯೆಯನ್ನು ಅವನು ದಾಖಲಿಸಿದ್ದಾನೆ. ಗೆದ್ದವನು ಕೊಂದವರನ್ನು ಹೆಚ್ಚಿಸಿ ಎಣಿಸುತ್ತಾನೆ. ಸುತ್ತುವರಿಯಲ್ಪಟ್ಟವನು ಸುತ್ತುವರಿದವರನ್ನು ಹೆಚ್ಚಿಸಿ ಎಣಿಸುತ್ತಾನೆ. ಇಷ್ಟು ಸಾಮಾನ್ಯಸೂತ್ರ.

ಆದರೆ ಜಫರ್‌ನಾಮಾದ ವಾಕ್ಯವು ವರದಿಯಲ್ಲ, ಪ್ರಶ್ನೆ. ‘ಇಷ್ಟು ಜನರಿದ್ದರು’ ಎಂದು ಅದು ಹೇಳುವುದಿಲ್ಲ. ‘ಇಷ್ಟು ಜನ ಬಂದರೆ ಇಷ್ಟು ಜನ ಮಾಡುವುದೇನು’ ಎಂದು ಕೇಳುತ್ತದೆ. ಹತ್ತು ಲಕ್ಷವೆಂಬುದು ಆ ಪ್ರಶ್ನೆಯ ಒಂದು ತಕ್ಕಡಿ. ವಿಮರ್ಶಕನು ನೋಡಬೇಕಾದದ್ದು ಇನ್ನೊಂದು ತಕ್ಕಡಿಯನ್ನು: ನಲವತ್ತು ಜನ, ಅವರಿಗೆ ಹಸಿವು. ವೀರಕಾವ್ಯದ ರೂಢಿಯಂತೆ ತನ್ನ ಪಕ್ಷವನ್ನು ಸಿಂಹಗಳ ಹಿಂಡೆನ್ನುವ ಬದಲು, ಇಲ್ಲಿ ಹಸಿದವರೆಂದು ಹೇಳಿದೆ. ಹಸಿವು ಯಾವ ಅಲಂಕಾರದ ಪಟ್ಟಿಯಿಂದಲೂ ಬಂದದ್ದಲ್ಲ. ಆನಂದಪುರದ ಮುತ್ತಿಗೆಯಿಂದ ಬಂದದ್ದು. ನಲವತ್ತೆಂಬ ಸಂಖ್ಯೆಗೆ ಫಾರಸಿ ಸಂಪ್ರದಾಯದಲ್ಲಿ ಒಂದು ರೂಢಿಯ ಬಳಕೆಯಿದೆ ಎಂಬುದು ನಿಜ. ೧೭೦೫ರ ಮುಕ್ತಸರದ ಕದನದಲ್ಲಿ ಮಡಿದವರನ್ನೂ ಸಿಖ್ಖರು ‘ನಲವತ್ತು ಮುಕ್ತರು’ ಎಂದೇ ನೆನೆಯುತ್ತಾರೆ. ಆದ್ದರಿಂದ ಸರಿಯಾಗಿ ನಲವತ್ತೇ ಎಂದು ಹಟ ಹಿಡಿಯಬೇಕಾದ್ದಿಲ್ಲ. ಒಂದು ಮನೆಯೊಳಗೆ ಹಿಡಿಯುವಷ್ಟು ಕೆಲವೇ ಜನರೆಂಬ ಅರ್ಥ ಸಾಕು.

ಈ ಅರ್ಥಕ್ಕೆ ಎದುರು ಪಕ್ಷದ ಬರಹವೇ ಬೆಂಬಲವಾಗಿದೆ. ಔರಂಗಜೇಬನ ಕೊನೆಯ ವರ್ಷಗಳ ಪತ್ರಗಳನ್ನು ಇನಾಯತುಲ್ಲಾ ಖಾನನು ಸಂಗ್ರಹಿಸಿದ ‘ಅಹ್ಕಾಮ್-ಇ-ಆಲಂಗೀರಿ’ಯಲ್ಲಿ, ಏಳುನೂರು ಸವಾರರನ್ನು ತೋಪುಗಳೊಡನೆ ಕಳುಹಿಸಿ ಚಮಕೌರದ ಜಮೀನ್ದಾರನ ಹವೇಲಿಯಲ್ಲಿ ಗುರುಗಳನ್ನು ಮುತ್ತಿದುದೂ, ಅವರ ಇಬ್ಬರು ಮಕ್ಕಳೂ ಇತರ ಸಂಗಾತಿಗಳೂ ಸತ್ತುದೂ ಬಂದಿದೆ. ಹತ್ತು ಲಕ್ಷಕ್ಕೂ ಏಳುನೂರಕ್ಕೂ ಇರುವ ಅಂತರವನ್ನು ಕಂಡು ಪತ್ರವನ್ನು ಸುಳ್ಳೆನ್ನುವುದು ಸುಲಭ. ಆದರೆ ಈ ಏಳುನೂರು ಕೂಡ ನಿಷ್ಪಕ್ಷವಾದ ಸಂಖ್ಯೆಯಲ್ಲ. ಅಧಿಕಾರಿಯು ದೊರೆಗೆ ವರದಿ ಮಾಡುವಾಗ ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸವಾಯಿತೆಂದು ತೋರಿಸುವುದು ಅವನ ಹಿತಕ್ಕೆ ಅನುಕೂಲ. ಮೇಲಾಗಿ, ಒಂದು ಹವೇಲಿಯೊಳಗಿನ ಕೆಲವರಿಗಾಗಿ ಏಳುನೂರು ಕುದುರೆಯನ್ನೂ ತೋಪನ್ನೂ ಕಳುಹಿಸಿದರೆಂದರೆ ಬಲಾಬಲದ ಅಂತರ ಬಹಳ ದೊಡ್ಡದೇ ಆಯಿತು. ಕಾವ್ಯದ ಸಂಖ್ಯೆ ಸುಳ್ಳು, ಕಾವ್ಯದ ಪ್ರಮಾಣದೃಷ್ಟಿ ನಿಜ. ಮುತ್ತಿಗೆ, ಮನೆಯ ಗೋಡೆ, ಸಂಗಾತಿಗಳ ಮರಣ ಈ ಎಲ್ಲದರಲ್ಲಿಯೂ ಎರಡು ಶತ್ರುಪಕ್ಷಗಳ ಬರಹಗಳು ಒಂದನ್ನೊಂದು ಸಮರ್ಥಿಸುತ್ತವೆ.

೫

ಇನ್ನು ಪತ್ರದ ಕೇಂದ್ರವಾದ ವಚನಭಂಗದ ವಿಷಯ. ತೊರವೆ ರಾಮಾಯಣವನ್ನು ಪಾಠ ಹೇಳುವವರಿಗೆ ಇಲ್ಲಿ ಒಂದು ಹೋಲಿಕೆ ಉಪಯುಕ್ತವಾದೀತು. ರಾಮಕಥೆಯಲ್ಲಿ ಕದನದ ಮೂಲವು ವಚನಪಾಲನೆ: ದಶರಥನು ಕೊಟ್ಟ ಮಾತನ್ನು ಉಳಿಸಲು ರಾಮನು ಕಾಡಿಗೆ ಹೋದನು, ಅಲ್ಲಿಂದ ಮುಂದಿನದೆಲ್ಲ ನಡೆಯಿತು. ಕುಮಾರವಾಲ್ಮೀಕಿಯು ಯುದ್ಧಕಾಂಡಕ್ಕೆ ತನ್ನ ಕೃತಿಯಲ್ಲಿ ಬೇರಾವ ಕಾಂಡಕ್ಕೂ ಇಲ್ಲದ ವಿಸ್ತಾರವನ್ನು ಕೊಟ್ಟನು. ಆದರೂ ಅವನ ಕದನಗಳಿಗೆ ಗೌರವ ಬರುವುದು ಹಿಂದಿನ ಆ ಮಾತಿನ ಬಲದಿಂದ. ಜಫರ್‌ನಾಮಾದಲ್ಲಿ ಕದನದ ಮೂಲವು ಮುರಿದ ಮಾತು. ಕುರಾನಿನ ಮೇಲೆ ಇಟ್ಟ ಆಣೆಯನ್ನು ಅಧಿಕಾರಿಗಳು ಉಲ್ಲಂಘಿಸಿದರೆಂಬುದೇ ಆರೋಪ. ಆರೋಪಿಸುವವರು ಆ ಧರ್ಮದವರಲ್ಲ. ಆದರೂ ಆ ಧರ್ಮಗ್ರಂಥದ ಗೌರವವನ್ನು ಮುಂದಿಟ್ಟುಕೊಂಡೇ ಬಾದಶಹನನ್ನು ಪ್ರಶ್ನಿಸುತ್ತಾರೆ. ನಿನ್ನ ದೇವರು ಸುಳ್ಳೆಂದು ಎಲ್ಲಿಯೂ ಹೇಳದೆ, ನಿನ್ನ ದೇವರಿಗೆ ನೀನು ಸುಳ್ಳಾದೆ ಎನ್ನುತ್ತಾರೆ. ಇದೇ ಪತ್ರವು ಔರಂಗಜೇಬನ ಚತುರತೆಯನ್ನೂ ಕತ್ತಿಯ ಕೈಚಳಕವನ್ನೂ ರೂಪವನ್ನೂ ಹೊಗಳಿ, ಅನಂತರ ಧರ್ಮಕ್ಕೆ ದೂರನಾದವನೆಂದು ಹೇಳುತ್ತದೆ. ಹೊಗಳಿಕೆಯು ವ್ಯಂಗ್ಯವಲ್ಲ, ದೋಷವನ್ನು ಹೆಚ್ಚಿಸುವ ಉಪಾಯ.

ಬೇರೆ ಎಲ್ಲ ಉಪಾಯಗಳೂ ಮುಗಿದ ಮೇಲೆ ಕತ್ತಿ ಹಿಡಿಯುವುದು ನ್ಯಾಯವೆಂಬ ಅರ್ಥದ ಪ್ರಸಿದ್ಧ ದ್ವಿಪದಿಯನ್ನು ಈ ಸಂದರ್ಭದಿಂದ ಕಿತ್ತು ಯುದ್ಧಘೋಷದಂತೆ ಬಳಸುವುದು ರೂಢಿಯಾಗಿದೆ. ಸಂದರ್ಭದಲ್ಲಿಟ್ಟು ಓದಿದರೆ ಅದು ಘೋಷವಲ್ಲ, ಸಮರ್ಥನೆ: ಮಾತಿನಿಂದ ಆಗಬೇಕಾದದ್ದನ್ನು ನಿನ್ನವರು ಅಸಾಧ್ಯವಾಗಿಸಿದರು, ಆದ್ದರಿಂದ ಕತ್ತಿ ಬಂತು ಎಂಬುದು ಅದರ ಭಾವ. ಅಷ್ಟೇ ಅಲ್ಲ, ಕತ್ತಿಯನ್ನು ಹಿಡಿದವರು ಮತ್ತೆ ಮಾತಿಗೇ ಹಿಂದಿರುಗಿದ್ದಾರೆ. ಬಾದಶಹನನ್ನು ಕಾಂಗಡ ಎಂಬ ಊರಿಗೆ ಮಾತುಕತೆಗೆ ಕರೆದಿದ್ದಾರೆ. ಮಾತನ್ನು ಮುರಿದವನೊಡನೆ ಮತ್ತೆ ಮಾತಾಡಲು ಸಿದ್ಧರಿರುವುದೇ ಪತ್ರದ ‘ಜಯ’ವೆಂದು ನಾವು ತಿಳಿಯಬಹುದು. ಕೃತಿಯ ಹೆಸರಿಗೆ ಇದಕ್ಕಿಂತ ಸಮರ್ಪಕವಾದ ಅರ್ಥ ಕಾಣುವುದಿಲ್ಲ.

೬

ಪತ್ರದಲ್ಲಿ ಹೆಸರುಗಳ ಬಳಕೆ ಗಮನಾರ್ಹ. ಬಾಣದ ರುಚಿ ನೋಡಿದ ನಾಹರ್ ಖಾನನ ಹೆಸರಿದೆ. ಗೋಡೆಯ ಮರೆಯಿಂದ ಹೊರಬಾರದ ಒಬ್ಬ ಖ್ವಾಜಾನ ನಿಂದೆಯಿದೆ. ತಮ್ಮ ಕಡೆಯ ನಲವತ್ತು ಜನರಲ್ಲಿ ಒಬ್ಬನ ಹೆಸರೂ ಇಲ್ಲ. ಸತ್ತ ಮಕ್ಕಳು ಕೂಡ ‘ನಾಲ್ವರು’ ಎಂಬ ಸಂಖ್ಯೆಯಾಗಿ ಮಾತ್ರ ಬರುತ್ತಾರೆ. ಬಾದಶಹನಿಗೆ ತಿಳಿದ ಹೆಸರುಗಳು ಅವನ ಅಧಿಕಾರಿಗಳವು. ಸಾಕ್ಷ್ಯಕ್ಕೆ ಬೇಕಾದವೂ ಅವೇ. ತಮ್ಮವರ ಹೆಸರನ್ನು ಕೊಂದವರ ಒಡೆಯನ ಮುಂದೆ ಹೇಳದಿರುವುದು ಒಂದು ಬಗೆಯ ಮರ್ಯಾದೆಯೂ ಇರಬಹುದು. ಹೀಗಾಗಿ ಸಾಹಿಬ್ ಸಿಂಗನು ಚಮಕೌರದಲ್ಲಿದ್ದನೆಂಬುದಕ್ಕೆ ಜಫರ್‌ನಾಮಾವನ್ನು ಆಧಾರವಾಗಿ ಉದಾಹರಿಸುವುದು ತಪ್ಪು. ಅಲ್ಲಿ ಅವನ ಹೆಸರಿಲ್ಲವಾದ್ದರಿಂದ ಅವನು ಇರಲಿಲ್ಲವೆನ್ನುವುದು ಅಷ್ಟೇ ತಪ್ಪು.

ಅವನ ಹೆಸರು, ಊರು, ಕಸುಬುಗಳನ್ನು ಕೊಡುವುದು ಸಿಖ್ಖರ ಪರಂಪರೆ. ಹದಿನೆಂಟನೆಯ ಶತಮಾನದ ಆದಿಭಾಗದ ಕೃತಿಯಾದ ಸೇನಾಪತಿಯ ‘ಗುರುಶೋಭಾ’ದಲ್ಲಿ ಐವರ ತಲೆಯನ್ನು ಬೇಡಿದ ಪ್ರಸಂಗವೇ ಇಲ್ಲ, ಐವರ ಪೂರ್ಣ ವಿವರಗಳು ಸ್ಥಿರಗೊಂಡದ್ದು ತರುವಾಯ. ಆ ಪಟ್ಟಿಯಂತೆ ದಯಾರಾಮನು ಲಾಹೋರಿನ ಖತ್ರಿ, ಧರಮದಾಸನು ಹಸ್ತಿನಾಪುರದ ಜಾಟ, ಹಿಮ್ಮತನು ಪುರಿಯ ನೀರು ಹೊರುವವನು, ಮೊಹಕಮಚಂದನು ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವನು, ಸಾಹಿಬಚಂದನು ಬೀದರಿನ ಕ್ಷೌರಿಕ. ಪಟ್ಟಿಯನ್ನು ನೋಡಿದೊಡನೆ ಸಂಶಯ ಹುಟ್ಟುವುದು ಸಹಜ. ಮೂಡಲಿಗೆ ಪುರಿ, ಪಡುವಲಿಗೆ ದ್ವಾರಕೆ, ಬಡಗಲಿಗೆ ಲಾಹೋರು, ತೆಂಕಲಿಗೆ ಬೀದರು: ಇದು ಜನಗಳ ಪಟ್ಟಿಯೊ, ದೇಶದ ನಕ್ಷೆಯೊ?

ಈ ಸಂಶಯಕ್ಕೆ ಪಟ್ಟಿಯೊಳಗೇ ಒಂದು ಸಮಾಧಾನವಿದೆ. ನಕ್ಷೆಯನ್ನು ಕಲ್ಪಿಸುವವನು ಪುರಿ, ದ್ವಾರಕೆಗಳ ಸಾಲಿಗೆ ದಕ್ಷಿಣದಿಂದ ರಾಮೇಶ್ವರವನ್ನು ಆಯುವುದು ಸ್ವಾಭಾವಿಕವಾಗಿತ್ತು. ೧೭೦೮ರಲ್ಲಿ ಗುರುಗಳು ನಾಂದೇಡದಲ್ಲಿ ದೇಹವಿಟ್ಟ ಮೇಲೆ ಸಿಖ್ಖರಿಗೆ ದಖನಿಯ ಪವಿತ್ರಸ್ಥಾನವೆಂದರೆ ನಾಂದೇಡ. ಆ ಬಳಿಕ ಕಥೆ ಕಟ್ಟುವವನಿಗೆ ಆ ಹೆಸರು ಕೈಗೆ ಹತ್ತಿರವಿತ್ತು. ಈ ಎರಡನ್ನೂ ಬಿಟ್ಟು ಪಟ್ಟಿ ಬೀದರನ್ನು ಹಿಡಿದಿದೆ. ಗ್ರಂಥಸಂಪಾದನೆಯಲ್ಲಿ ಕಠಿಣತರವಾದ ಪಾಠವೇ ಮೂಲಕ್ಕೆ ಹತ್ತಿರವೆಂಬ ಸೂತ್ರವನ್ನು ನಾವು ಅನುಸರಿಸುತ್ತೇವಷ್ಟೆ. ಅದೇ ನ್ಯಾಯದಿಂದ, ಪಟ್ಟಿಯಲ್ಲಿ ನಿರೀಕ್ಷೆಗೆ ಹೊರತಾದ ಊರು ಕಲ್ಪನೆಗಿಂತ ನೆನಪಿನಿಂದ ಬಂದಿರುವ ಸಂಭವ ಹೆಚ್ಚು. ಬೀದರಿಗೆ ಗುರು ನಾನಕರು ಬಂದಿದ್ದರೆಂಬ ನಂಬಿಕೆಯಿದೆ, ಅಲ್ಲಿಯ ನಾನಕ ಝರಣಿಯು ಯಾತ್ರಾಸ್ಥಳ. ಆದ್ದರಿಂದಲೇ ಬೀದರನ್ನು ಆರಿಸಿರಬಹುದಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ತೂಕವಿದೆ. ಆದರೆ ಹಾಗೆ ಆರಿಸಿದ್ದರೆ ಪರಂಪರೆಯು ಸಾಹಿಬಚಂದನ ಕಥೆಯನ್ನು ಝರಣಿಗೆ ಹೆಣೆಯಬೇಕಿತ್ತು. ಅದರ ಒತ್ತೆಲ್ಲ ಇರುವುದು ಅವನು ಎಳೆಯ ವಯಸ್ಸಿನಲ್ಲಿ ಆನಂದಪುರಕ್ಕೆ ಹೋಗಿ ಗುರಿಕಾರನೆಂದು ಹೆಸರಾದುದರ ಮೇಲೆ. ಆದ್ದರಿಂದ ಬೀದರಿನ ಮಾತನ್ನು ಸಿದ್ಧವಾದ ಸತ್ಯವೆನ್ನದೆ, ಬಲವಾದ ಸಂಭಾವ್ಯವೆಂದು ಒಪ್ಪುವುದು ಯುಕ್ತ.

ಇಲ್ಲಿಂದ ಮುಂದೆ ಹೋಗುವವರು ಎಚ್ಚರವಹಿಸಬೇಕು. ಅವನನ್ನು ‘ಕನ್ನಡದ ವೀರ’ನೆಂದು ಕರೆಯುವುದಕ್ಕೆ ಪ್ರಮಾಣವಿಲ್ಲ. ಬೀದರು ೧೬೧೯ರಿಂದ ೧೬೫೭ರವರೆಗೆ ಬಿಜಾಪುರದ ಅಧೀನದಲ್ಲಿದ್ದು, ೧೬೫೭ರಲ್ಲಿ ರಾಜಕುಮಾರ ಔರಂಗಜೇಬನ ವಶವಾಯಿತು; ಕನ್ನಡ, ತೆಲುಗು, ಮರಾಠಿ, ದಖನಿಗಳು ಅಲ್ಲಿ ಒಟ್ಟಿಗೆ ಬಾಳಿದವು. ತಾಯಿಯ ಹೆಸರು ಅಂಕಮ್ಮ ಎಂದು ಪರಂಪರೆ ಹೇಳುವುದನ್ನು ಒಪ್ಪಿದರೂ, ಆ ಹೆಸರು ತೆಲುಗಿನಲ್ಲಿಯೂ ಬಳಕೆಯಲ್ಲಿರುವುದರಿಂದ ಮನೆಮಾತು ನಿರ್ಣಯವಾಗದು. ಹಾಗೆಯೇ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಸುಬಿನ ಮೇಲುಕೀಳುಗಳನ್ನು ಅಲ್ಲಗಳೆದ ಶರಣರ ಸಾಲಿನಲ್ಲಿ ಹಡಪದ ಅಪ್ಪಣ್ಣನಿದ್ದನು. ಬೀದರಿನ ಕ್ಷೌರಿಕನು ಆನಂದಪುರದಲ್ಲಿ ಮೊದಲ ಐವರಲ್ಲಿ ಒಬ್ಬನಾದನು. ಸಾಮ್ಯವು ಮನೋಜ್ಞ, ಆದರೆ ಸಾಮ್ಯವು ಸಂಬಂಧಕ್ಕೆ ಪ್ರಮಾಣವಲ್ಲ. ನಾಡಿನ ಹೆಮ್ಮೆಗೆ ಬೀದರೆಂಬ ಊರಿನ ಹೆಸರು ಸಾಕು. ಉಳಿದುದನ್ನು ಸೇರಿಸಿದರೆ ಇರುವುದೂ ಸಂಶಯಕ್ಕೆ ಈಡಾಗುತ್ತದೆ.

೭

ಕೊನೆಯದಾಗಿ ಒಂದು ಸಮಕಾಲೀನ ಘಟನೆ. ೧೭೦೫ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಔರಂಗಜೇಬನು ಸ್ವತಃ ಸುರಪುರ ಸೀಮೆಯ ವಾಗಣಗೇರಿ ಕೋಟೆಯನ್ನು ಮುತ್ತಿದ್ದನು; ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆಯದು. ಕೋಟೆ ಬಿದ್ದಿತು, ಆದರೆ ಬೇಡರ ನಾಯಕ ಪಿಡ್ಡನಾಯಕನು ಇರುಳಿನಲ್ಲಿ ಪಾರಾದನು. ಚಮಕೌರದ ಕಾಲವನ್ನು ಹೇಗೆ ಎಣಿಸಿದರೂ ಈ ಎರಡು ಮುತ್ತಿಗೆಗಳ ನಡುವೆ ಒಂದು ವರ್ಷದ ಅಂತರವೂ ಇಲ್ಲ. ಎರಡೆಡೆಯೂ ಗೋಡೆ ಬಿತ್ತು, ಹಿಡಿಯಬೇಕಾದವನು ಸಿಕ್ಕಲಿಲ್ಲ. ಆದರೆ ವಾಗಣಗೇರಿಯ ಕಥೆಯನ್ನು ನಾವು ತಿಳಿಯುವುದು ಬಹುಮಟ್ಟಿಗೆ ಮುತ್ತಿದವರ ಬರಹದಿಂದ, ಸಾಕಿ ಮುಸ್ತೈದ್ ಖಾನನ ‘ಮಾಸಿರ್-ಇ-ಆಲಂಗೀರಿ’ಯಂಥ ಗ್ರಂಥಗಳಿಂದ. ಗೋಡೆಯ ಒಳಗಿದ್ದವರ ಹಸಿವು ಅಲ್ಲಿ ಕಾಣಿಸುವುದಿಲ್ಲ. ಚಮಕೌರದ ಒಳಗಿದ್ದವರು ಬರೆದರು. ಅದರಿಂದ ಅವರ ಹಸಿವು ನಮಗೆ ತಿಳಿಯಿತು.

ಜಫರ್‌ನಾಮಾದ ಬೆಲೆ ಇದರಲ್ಲಿದೆ. ಕಾಲೇಜಿನ ತರಗತಿಗಳಲ್ಲಿ ಯುದ್ಧಕಾವ್ಯವನ್ನು ಬೋಧಿಸುವಾಗ, ಸಂಖ್ಯೆ ಎಷ್ಟು ನಿಜವೆಂಬ ಪ್ರಶ್ನೆಗೆ ಮೊದಲು ಹೇಳುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ, ಯಾರ ಹೆಸರನ್ನು ಹೇಳುತ್ತಾರೆ, ಯಾರದನ್ನು ಬಿಡುತ್ತಾರೆ ಎಂದು ಕೇಳುವುದು ಅವಶ್ಯಕ. ಹಾಗೆ ಕೇಳಿದರೆ ಹತ್ತು ಲಕ್ಷವು ಪ್ರಶ್ನೆಯ ಅಲಂಕಾರವಾಗಿ ನಿಲ್ಲುತ್ತದೆ, ಏಳುನೂರು ಅಧಿಕಾರಿಯ ಲೆಕ್ಕವಾಗಿ ನಿಲ್ಲುತ್ತದೆ, ಬೀದರಿನ ಸಾಹಿಬ್ ಸಿಂಗನು ಒಂದು ಜನಸಮುದಾಯದ ಎಚ್ಚರದ ನೆನಪಾಗಿ ನಿಲ್ಲುತ್ತಾನೆ. ಈ ಮೂರನ್ನೂ ಒಂದರೊಡನೊಂದು ಬೆರೆಸದೆ, ಒಂದಕ್ಕಾಗಿ ಇನ್ನೊಂದನ್ನು ತಳ್ಳದೆ ಓದುವುದು ವಿಮರ್ಶೆಯ ಕರ್ತವ್ಯ.